ಎರಡು ಕೊಡ ನೀರು

ಬೈಲಹೊಂಗಲದ ಕಡೆಯವರಿಗೆ ಸಂಗ್ಯಾ-ಬಾಳ್ಯಾರ ಕತೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಊರು ಬೈಲಹೊಂಗಲ, ಹೆಣ್ಣಿನ ಹೆಸರು ಗಂಗಾ, ಪರರ ಹೆಂಡತಿಯಾದ ಅವಳ ಮೇಲೆ ಮನಸ್ಸಿಟ್ಟು ಕೆಟ್ಟವನು ಸಂಗ್ಯಾ, ಜೀವದ ಗೆಳೆಯನಂತಿದ್ದು ಕಡೆಗೆ ಅವನನ್ನು ಕೊಲ್ಲುವವರ ಕೈಗೆ ಒಪ್ಪಿಸಿದವನು ಬಾಳ್ಯಾ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯೇ ನಡೆದದ್ದೆಂದು ಜನ ಹೇಳಿಕೊಂಡು ಬಂದ ಆ ಕೊಲೆ ಲಾವಣಿಯಾಯಿತು, ಸಣ್ಣಾಟವಾಯಿತು. ನಮ್ಮ ಸೀಮೆಯ ಶಾಸನಗಳನ್ನು ಓದಿದ ಇಂಗ್ಲಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ 1885ರ ಸುಮಾರಿಗೆ ಅಚ್ಚು ಮಾಡಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಇವರ ಜೊತೆಗೆ ಸಂಗ್ಯಾನೂ ಇದ್ದಾನೆ. ಮುಂದೆ ಚಂದ್ರಶೇಖರ ಕಂಬಾರರು ಆ ಆಟವನ್ನು ಸಂಪಾದಿಸಿದರು. ಊರ ಅಗಸಿಯ ಮುಂದೆ, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ, ಬೆಳತನಕ ನಡೆಯುತ್ತಿದ್ದ ಆಟ ಅದು. ಅಲ್ಲಿ ಎಲ್ಲಕ್ಕೂ ಹೆಸರಿದೆ. ಊರಿಗೆ ಹೆಸರಿದೆ, ಕೊಂದವನಿಗೆ ಹೆಸರಿದೆ, ಸತ್ತವನಿಗೆ ಹೆಸರಿದೆ.

ಅದೇ ಊರಿನ ಅಡುಗೆಮನೆಯಲ್ಲಿ ಹುಟ್ಟುತ್ತಿದ್ದ ಕತೆಗಳಿಗೆ ಹೆಸರೇ ಇರಲಿಲ್ಲ. ನಮ್ಮ ಆಯಿ ಕತೆ ಹೇಳುತ್ತಿದ್ದುದು ರೊಟ್ಟಿ ಬಡಿದು ಮುಗಿಸಿ, ಒಲೆಯ ಕೆಂಡಕ್ಕೆ ಬೂದಿ ಮುಚ್ಚಿದ ಮೇಲೆ. ‘ಒಂದ ಊರಾಗ ಒಬ್ಬಾಕಿ ಮುದುಕಿ ಇದ್ದಳು, ಆಕಿಗೆ ಇಬ್ಬರು ಹೆಣ್ಣಮಕ್ಕಳು’ ಎಂದು ಶುರು ಮಾಡಿದರೆ ನಾನು ಶಾಲೆಗೆ ಹೋಗುವ ಹುಡುಗರ ಅಹಂಕಾರದಿಂದ, ‘ಯಾವ ಊರ ಆಯಿ?’ ಎಂದು ಕೇಳುತ್ತಿದ್ದೆ. ‘ಯಾವದೋ ಒಂದ ಊರು. ಹೆಸರ ತೊಗೊಂಡ ನೀ ಏನ ಮಾಡಾವ? ಸುಮ್ಮ ಹೂಂ ಅನಕೋತ ಕೇಳು’ ಎನ್ನುತ್ತಿದ್ದಳು. ಮುದುಕಿಗೆ ಹೆಸರಿಲ್ಲ, ಮಕ್ಕಳಿಗೆ ಹೆಸರಿಲ್ಲ, ರಾಜನಿಗೂ ಇಲ್ಲ. ಹಿರಿಯಾಕೆ, ಕಿರಿಯಾಕೆ, ನಾದಿನಿ, ಅತ್ತೆ. ಇಷ್ಟೇ.

ಇದು ನಮ್ಮ ಆಯಿಯೊಬ್ಬಳ ಹಟವಲ್ಲವೆಂದು ತಿಳಿದದ್ದು ಎ. ಕೆ. ರಾಮಾನುಜನ್ ಅವರ ಲೇಖನಗಳನ್ನು ಓದಿದ ಮೇಲೆ. ಹಳೆಯ ತಮಿಳು ಕಾವ್ಯದಲ್ಲಿ ಅಹಂ, ಪುರಂ ಎಂದು ಎರಡು ಲೋಕಗಳು: ಒಳಗಿನದು, ಹೊರಗಿನದು. ಪ್ರೇಮದ ಕವಿತೆಯಲ್ಲಿ ಯಾರ ಹೆಸರೂ ಬರಬಾರದು. ಯುದ್ಧದ ಕವಿತೆಯಲ್ಲಿ ರಾಜನ ಹೆಸರು, ಊರ ಹೆಸರು ಎಲ್ಲ ಬರಬೇಕು. ಈ ಅಳತೆಗೋಲನ್ನು ರಾಮಾನುಜನ್ ಕನ್ನಡ ಜಾನಪದಕ್ಕೆ ಹಿಡಿದು ನೋಡಿದರು. ಮನೆಯೊಳಗೆ ಹೆಂಗಸರು ಹೇಳುವ ಕತೆಯಲ್ಲಿ ಹೆಸರಿಲ್ಲ. ಬಯಲಿನಲ್ಲಿ, ಜನರ ಮುಂದೆ, ಮೇಳ ಕಟ್ಟಿಕೊಂಡು ಹಾಡುವ ಕತೆಯಲ್ಲಿ ಹೆಸರುಗಳ ಸಂತೆ. ಒಂದೇ ಕತೆ ಒಳಗಿನಿಂದ ಹೊರಗೆ ಬಂದರೆ ಮೊದಲು ಮಾಡುವ ಕೆಲಸ ಹೆಸರು ಇಟ್ಟುಕೊಳ್ಳುವುದು. ಅವರು ಇನ್ನೊಂದು ಮಾತನ್ನೂ ಗಮನಿಸಿದ್ದರು. ಗಂಡಸಿನ ಸುತ್ತ ಹೆಣೆದ ಕತೆ ಮದುವೆಯಲ್ಲಿ ಮುಗಿಯುತ್ತದೆ. ಹೆಣ್ಣಿನ ಸುತ್ತ ಹೆಣೆದ ಕತೆಯಲ್ಲಿ ತೊಂದರೆ ಶುರುವಾಗುವುದೇ ಮದುವೆಯಾದ ಮೇಲೆ.

ಮೈಸೂರಿನ ಅಯ್ಯಂಗಾರರ ಮನೆಯ ಹುಡುಗನಿಗೂ ನಮ್ಮ ಸೀಮೆಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳಬಹುದು. ಸಂಬಂಧ ಬಂದದ್ದು ಸವದತ್ತಿ ತಾಲೂಕಿನ ಸಿರಸಂಗಿಯಿಂದ ಎಂದರೆ ತಪ್ಪಾಗಲಾರದು. ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿಯ ದೇಸಗತಿಗೆ ದತ್ತಕ ಬಂದ ಲಿಂಗರಾಜರು (1861-1906) ಮಕ್ಕಳಿಲ್ಲದೆ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ಹುಡುಗರ ಓದಿಗೆಂದು ಬರೆದಿಟ್ಟರು. ನಮ್ಮ ಕಡೆ ದತ್ತಕ ಎಂದರೆ ಕಿತ್ತೂರು ನೆನಪಾಗುತ್ತದೆ. 1824ರಲ್ಲಿ ದತ್ತು ಮಗನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲವೆಂದೇ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತದ್ದು, ಚೆನ್ನಮ್ಮ ರಾಣಿ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿ ಕಣ್ಣು ಮುಚ್ಚಿದ್ದು. ಸಿರಸಂಗಿಯಲ್ಲಿ ವಾರಸಿಲ್ಲದ ಆಸ್ತಿ ಶಾಲೆಯ ಕಡೆ ಹೊರಳಿತು. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಆ ಲಿಂಗರಾಜರ ಹೆಸರನ್ನೇ ಇಟ್ಟಿತು. 1950ರ ದಶಕದಲ್ಲಿ ಅಲ್ಲಿಗೆ ಇಂಗ್ಲಿಷ್ ಕಲಿಸಲು ಬಂದವರು ರಾಮಾನುಜನ್. 1929ರಲ್ಲಿ ಹುಟ್ಟಿದವರು, ಆಗ ಇಪ್ಪತ್ತರ ಹರೆಯ.

ಇಂಗ್ಲಿಷ್ ಮಾಸ್ತರರು ಶೇಕ್ಸ್‌ಪಿಯರ್ ಕಲಿಸಿ, ಸಂಜೆ ವಾಕಿಂಗ್ ಹೋಗಿ ಬಂದರೆ ಸಾಕಿತ್ತು. ಈ ಮಾಸ್ತರರು ಅಜ್ಜಿಯರ ಕತೆ ಬರೆದುಕೊಳ್ಳತೊಡಗಿದರು. 1956ರಲ್ಲಿ, ಇನ್ನೂ ಬೆಳಗಾವಿಯ ದಿನಗಳಲ್ಲೇ, ‘ಮಣ್ಣಿನ ಅತ್ತೆ’ಯ ಕತೆಯನ್ನು ಅಮೆರಿಕದ ಜಾನಪದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅತ್ತೆ ಹೇಳದೆ ಒಂದು ಹಿಡಿ ಅಕ್ಕಿಯನ್ನೂ ಒಲೆಗೆ ಹಾಕಲಾರದ ಸೊಸೆಗೆ ಅತ್ತೆ ಸತ್ತ ಮೇಲೆ ದಿಕ್ಕು ತೋಚುವುದಿಲ್ಲ. ಗಂಡ ಮಣ್ಣಿನ ಅತ್ತೆಯೊಂದನ್ನು ಮಾಡಿಸಿ ಕೊಡುತ್ತಾನೆ. ಸೊಸೆ ಅದನ್ನೇ ಕೇಳಿ ಕೇಳಿ ಅಡುಗೆ ಮಾಡುತ್ತಾಳೆ. ನಗುತ್ತಲೇ ಕೇಳುವ ಕತೆ. ಸೊಸೆಯಾಗಿ ಬಾಳಿದವರು ಮಾತ್ರ ಅಷ್ಟು ನಗುವುದಿಲ್ಲ.

ಆದರೆ ನಾನು ಇಲ್ಲಿ ಹೇಳಹೊರಟದ್ದು ಗಿಡವಾಗುವ ಹುಡುಗಿಯ ಕತೆ. ರಾಮಾನುಜನ್ ಅದರ ಹಲವು ಪಾಠಗಳನ್ನು ಕನ್ನಡ ನಾಡಿನಲ್ಲಿ ವರ್ಷಗಟ್ಟಲೆ ಕೂಡಿಸಿದ್ದರು. ಅವರು 1993ರ ಜುಲೈ 13ರಂದು ಶಿಕಾಗೋದಲ್ಲಿ ತೀರಿಕೊಂಡರು. ನಾಲ್ಕು ವರ್ಷಗಳ ನಂತರ, 1997ರಲ್ಲಿ, ಅವರ ಕತೆಗಳ ಸಂಗ್ರಹ ಹೊರಬಂದಾಗ ಆ ಕತೆಯ ಹೆಸರನ್ನೇ ಪುಸ್ತಕಕ್ಕೂ ಇಟ್ಟಿದ್ದರು. ಓದುಗರಿಗೆ ಗೊತ್ತಿದ್ದರೂ ಇನ್ನೊಮ್ಮೆ ಹೇಳುತ್ತೇನೆ.

ಕೂಲಿ ಮಾಡಿ ಸಾಕುವ ತಾಯಿಯ ಕಷ್ಟ ನೋಡಲಾರದೆ ಕಿರಿಯ ಮಗಳು ಅಕ್ಕನಿಗೆ ಹೇಳುತ್ತಾಳೆ: ಉಗುರು ತಾಗಿಸದೆ ಎರಡು ಕೊಡ ನೀರು ತಾ. ಒಂದು ಕೊಡ ಸುರುವು, ನಾನು ಹೂವಿನ ಗಿಡವಾಗುತ್ತೇನೆ. ಒಂದು ಚಿಗುರೂ ಮುರಿಯದಂತೆ ಹೂವು ಕೊಯ್ಯಿ. ಇನ್ನೊಂದು ಕೊಡ ಸುರುವು, ತಿರುಗಿ ಮನುಷ್ಯಳಾಗುತ್ತೇನೆ. ಹೂವು ಅರಮನೆಗೆ ಮಾರಾಟವಾಗುತ್ತದೆ. ರಾಜಕುಮಾರ ಬೆನ್ನು ಹತ್ತಿ ಬಂದು ನೋಡಿ, ಇವಳನ್ನೇ ಮದುವೆಯಾಗುತ್ತೇನೆ ಎನ್ನುತ್ತಾನೆ. ಮದುವೆಯಾದ ಮೇಲೆ ಅವಳನ್ನು ಮುಟ್ಟುವುದಿಲ್ಲ, ಮಾತಾಡುವುದಿಲ್ಲ. ಗಿಡವಾಗಿ ತೋರಿಸು ಎಂದು ಪಟ್ಟು ಹಿಡಿಯುತ್ತಾನೆ. ಅವಳು ಆಗುತ್ತಾಳೆ. ದಿನವೂ ಆಗುತ್ತಾಳೆ. ಬಾಡಿದ ಹೂವಿನ ರಾಶಿ ನೋಡಿ ಕಿರಿಯ ನಾದಿನಿಗೆ ಗುಟ್ಟು ತಿಳಿಯುತ್ತದೆ. ತೋಟಕ್ಕೆ ಕರೆದುಕೊಂಡು ಹೋಗಿ, ಗೆಳತಿಯರ ಎದುರಿಗೆ ಗಿಡವಾಗೆಂದು ಕಾಡುತ್ತಾಳೆ. ಹುಡುಗಿಯರು ಗಿಡವನ್ನು ಹರಿದು ಮುರಿದು ಹೂವು ಕಿತ್ತು, ಮಳೆ ಬಂತೆಂದು ಎರಡನೆಯ ಕೊಡವನ್ನು ಹೇಗೋ ಚೆಲ್ಲಿ ಓಡಿಹೋಗುತ್ತಾರೆ. ಅವಳು ಗಿಡವೂ ಅಲ್ಲ, ಹೆಣ್ಣೂ ಅಲ್ಲ. ಕೈಯಿಲ್ಲ, ಕಾಲಿಲ್ಲ, ಗಾಯದ ಮುದ್ದೆ. ಮಳೆನೀರಿನಲ್ಲಿ ತೇಲಿ ಗಟಾರಕ್ಕೆ ಬಂದು ಬೀಳುತ್ತಾಳೆ. ಆ ದಾರಿಯಲ್ಲಿ ಹತ್ತಿ ಹೇರಿಕೊಂಡು ಬಂದ ಗಾಡಿಯವನೊಬ್ಬ ನರಳುವ ದನಿ ಕೇಳಿ ಇಳಿದು, ತನ್ನ ಪಟಕದ ಅರಿವೆ ಹೊದಿಸಿ, ಗಾಡಿಯಲ್ಲಿ ಹಾಕಿಕೊಂಡು, ಮುಂದಿನ ಊರಿನಲ್ಲಿ ಇಳಿಸಿ ಹೋಗುತ್ತಾನೆ. ಅದು ಹಿರಿಯ ನಾದಿನಿಯ ಗಂಡನ ಊರು. ಹೆಂಡತಿಯನ್ನು ಹುಡುಕಿ ಹುಚ್ಚನಾಗಿ ಅಲೆದ ರಾಜಕುಮಾರ ಅಲ್ಲಿಗೇ ಬರುತ್ತಾನೆ. ಕೈಕಾಲಿಲ್ಲದ ಆ ದೇಹದ ಸ್ಪರ್ಶದಿಂದ ಅವಳ ಗುರುತು ಹಿಡಿಯುತ್ತಾನೆ. ಏನು ಮಾಡಬೇಕೆಂದು ಅವಳೇ ಹೇಳುತ್ತಾಳೆ. ಒಂದು ಕೊಡ ಸುರುವಿ, ಮುರಿದ ಟೊಂಗೆಗಳನ್ನು ಜೋಡಿಸಿ ಕಟ್ಟಿ, ಇನ್ನೊಂದು ಕೊಡ ಸುರುವಿದಾಗ ಅವಳು ಪೂರ್ತಿ ಹೆಣ್ಣಾಗಿ ಏಳುತ್ತಾಳೆ.

ನಮ್ಮ ವಿಮರ್ಶಕರ ಒಂದು ಸೋಜಿಗವನ್ನು ಇಲ್ಲಿ ಹೇಳಲೇಬೇಕು. ಪ್ರಾಗ್ ನಗರದಲ್ಲಿ ಕಾಫ್ಕಾ ಎಂಬಾತ, ಮನುಷ್ಯನೊಬ್ಬ ಬೆಳಿಗ್ಗೆ ಎದ್ದು ಹುಳವಾದ ಕತೆ ಬರೆದು 1915ರಲ್ಲಿ ಪ್ರಕಟಿಸಿದ. ಕೂಡಲೇ ನಾವು ಅವನ ಜೀವನವನ್ನು ಹುಡುಕುತ್ತೇವೆ. ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ಅವನು ಮಾಡುತ್ತಿದ್ದ ಕೆಲಸ, ಜೋರು ದನಿಯ ಅಪ್ಪ, ಆ ಅಪ್ಪನಿಗೆ 1919ರಲ್ಲಿ ಬರೆದೂ ಮುಟ್ಟಿಸದ ಉದ್ದನೆಯ ಪತ್ರ, ಎಲ್ಲವನ್ನೂ ಹುಳದ ಪಕ್ಕದಲ್ಲಿಟ್ಟು ಓದುತ್ತೇವೆ. ಅತಿವಾಸ್ತವ ಎಂಬ ದೊಡ್ಡ ಮಾತನ್ನು ಬಳಸುತ್ತೇವೆ. ಹುಡುಗಿಯೊಬ್ಬಳು ಗಿಡವಾಗಿ, ಅರ್ಧಕ್ಕೆ ನಿಂತು, ಮಾಂಸದ ಮುದ್ದೆಯಾಗಿ ಗಟಾರದಲ್ಲಿ ಬಿದ್ದ ಕತೆಯನ್ನು ಬೈಲಹೊಂಗಲದ ಮುದುಕಿ ಹೇಳಿದರೆ ಮಾತ್ರ ಅದು ಅಡಗೂಲಜ್ಜಿ ಕತೆ. ಅಜ್ಜಿಗೆ ಜೀವನವೇ ಇರಲಿಲ್ಲವೆಂಬಂತೆ!

ಜೀವನ ಇತ್ತು. ಕತೆಯೊಳಗೇ ಇತ್ತು. ಮೊದಲು ಆ ಎರಡು ಕೊಡಗಳನ್ನು ನೋಡಿ. ಮಂತ್ರದಂಡವಿಲ್ಲ, ಮಾಯದ ಉಂಗುರವಿಲ್ಲ. ಈ ಕತೆಯ ಮಾಯೆಯೆಲ್ಲ ಇರುವುದು ಎರಡು ಕೊಡ ನೀರಿನಲ್ಲಿ. ನವಿಲುತೀರ್ಥದ ಆಣೆಕಟ್ಟು ಆಗುವ ಮೊದಲು ಮಲಪ್ರಭೆ ಬೇಸಿಗೆಯಲ್ಲಿ ಹೇಗಿರುತ್ತಿತ್ತೆಂದು ಸವದತ್ತಿ, ರಾಮದುರ್ಗದ ಹಿರಿಯರನ್ನು ಕೇಳಬೇಕು. ಉಸುಕಿನಲ್ಲಿ ವರತೆ ತೋಡಿ, ಬಟ್ಟಲಿನಿಂದ ಎತ್ತಿ ಎತ್ತಿ ಕೊಡ ತುಂಬಿಸಬೇಕು. ಆ ನೀರನ್ನು ತಲೆಯ ಮೇಲೊಂದು, ಬಗಲಲ್ಲೊಂದು ಹೊತ್ತು ತಂದವರಿಗೆ ಮಾತ್ರ ಎರಡನೆಯ ಕೊಡ ಚೆಲ್ಲುವುದೆಂದರೇನೆಂದು ಗೊತ್ತು. ಸವದತ್ತಿಯ ಗುಡ್ಡದ ತಾಯಿಯ ಕತೆಯಲ್ಲಿಯೂ ಕೊಡವೇ ಅಲ್ಲವೆ? ರೇಣುಕೆ ದಿನವೂ ಉಸುಕಿನ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ನೀರು ತರುತ್ತಿದ್ದಳು. ನೀರಿನಲ್ಲಿ ಗಂಧರ್ವನ ನೆರಳು ನೋಡಿ ಒಂದು ಗಳಿಗೆ ಮನಸ್ಸು ಜರುಗಿತು, ಕೊಡ ನಿಲ್ಲಲಿಲ್ಲ. ಅಷ್ಟಕ್ಕೆ ಅವಳ ತಲೆ ಹೋಯಿತು, ಅದೂ ಮಗನ ಕೈಯಿಂದ. ಭಾರತ ಹುಣ್ಣಿಮೆಗೆ ಗುಡ್ಡ ಹತ್ತಿ ಉಧೋ ಎನ್ನುವ ಹೆಂಗಸರಿಗೆ ಆ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಹತ್ತಿಯ ಗಾಡಿ. ರಾಜಕುಮಾರಿಯೊಬ್ಬಳನ್ನು ಎತ್ತಿಕೊಂಡು ಹೋಗಲು ಪಲ್ಲಕ್ಕಿ ಬರಬಹುದಿತ್ತು, ಆನೆ ಬರಬಹುದಿತ್ತು. ಬಂದದ್ದು ಹತ್ತಿ ಹೇರಿದ ಎತ್ತಿನ ಗಾಡಿ. ಎರೆಮಣ್ಣಿನ ನಮ್ಮ ತಾಲೂಕುಗಳಲ್ಲಿ ಬೇರೆ ಯಾವ ಗಾಡಿ ಬರಬೇಕು? ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಧಾರವಾಡ-ಅಮೆರಿಕನ್ ತಳಿಯ ಹತ್ತಿ ಈ ಕಡೆ ಹಬ್ಬಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ರೈಲು ಬರುವ ಮೊದಲು ಸಾಲುಗಟ್ಟಿದ ಗಾಡಿಗಳು ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಹತ್ತಿ ಮುಟ್ಟಿಸುತ್ತಿದ್ದವು. ಮಳೆಯಲ್ಲಿ, ಕತ್ತಲಲ್ಲಿ, ಊರ ಹೊರಗಿನ ದಾರಿಯಲ್ಲಿ ಮನೆತನದ ಲೆಕ್ಕಕ್ಕೆ ಸಿಗದ ಒಬ್ಬ ಪರಗಂಡಸು ಹೆಣ್ಣೊಬ್ಬಳಿಗೆ ಎದುರಾಗುವುದಾದರೆ ಅವನು ಹತ್ತಿ ಗಾಡಿಯವನೇ. ಮನೆಯವರು ಕೆಡಿಸಿದ್ದನ್ನು ಯಾರೋ ದಾರಿಹೋಕ ಎತ್ತುತ್ತಾನೆ. ತನ್ನ ಅರಿವೆ ಹೊದಿಸುತ್ತಾನೆ. ಹೆಸರು ಕೇಳದೆ ಹೋಗುತ್ತಾನೆ. ಕತೆಯಲ್ಲಿ ಅವನಿಗೆ ನಾಲ್ಕು ಮಾತಿನ ಜಾಗವೂ ಇಲ್ಲ. ಆದರೂ ಇಡೀ ಕತೆಯಲ್ಲಿ ನನಗೆ ಹೆಚ್ಚು ಇಷ್ಟವಾದವನು ಅವನೇ.

ನಮ್ಮ ಆಯಿ ಇಡೀ ಕತೆಯಲ್ಲಿ ಒಂದೇ ಒಂದು ಊರ ಹೆಸರು ಹೇಳುತ್ತಿದ್ದಳು, ಅದೂ ಈ ಜಾಗದಲ್ಲಿ. ‘ಬೈಲಹೊಂಗಲದ ಪ್ಯಾಟಿಗೆ ಹೊಂಟಿದ್ದ ಹತ್ತೀ ಗಾಡಿ’ ಎನ್ನುತ್ತಿದ್ದಳು. ಹೆಸರಿಲ್ಲದ ರಾಜನ ಹೆಸರಿಲ್ಲದ ರಾಜ್ಯದಲ್ಲಿ ಬೈಲಹೊಂಗಲ ಎಲ್ಲಿಂದ ಬಂತೆಂದು ಆಗ ನನಗೆ ಹೊಳೆಯಲಿಲ್ಲ. ಅವಳು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ನಮ್ಮ ಸೋದರತ್ತೆ ಯಾವುದೋ ಮಾತಿಗೆ ಮಾತು ಬಂದು ಹೇಳಿದಳು. ಆಯಿ ರಾಮದುರ್ಗದ ಕಡೆಯ ಹಳ್ಳಿಯವಳು. ಹನ್ನೊಂದು ವರ್ಷಕ್ಕೆ ಮದುವೆಯಾಗಿ ನಮ್ಮ ಮನೆಗೆ ಬಂದದ್ದು ಹತ್ತಿಯ ಗಾಡಿಯಲ್ಲಿ, ಅಂಡಿಗೆಗಳ ಮೇಲೆ ಕುಳಿತು; ಬೇರೆ ಗಾಡಿ ಹೂಡುವಷ್ಟು ಅನುಕೂಲ ತವರಿನವರಿಗೆ ಇರಲಿಲ್ಲ. ಹದಿನಾಲ್ಕಕ್ಕೆ ಬಸುರಿ. ಹಳ್ಳದಿಂದ ನೀರು ತರುವಾಗ ದಂಡೆಯ ಕೆಸರಿನಲ್ಲಿ ಜಾರಿ ಬಿದ್ದಳು. ಹೊಟ್ಟೆಯ ಕೂಸು ನಿಲ್ಲಲಿಲ್ಲ. ‘ಮನಿಗೆ ಬಂದಾಗ ಆಕಿ ಅತ್ತಿ ಮದಲ ಕೇಳಿದ್ದು ಕೊಡ ಎಲ್ಲಿ ಐತಿ ಅಂತ’ ಎಂದಳು ಸೋದರತ್ತೆ. ಆಯಿ ತನ್ನ ಬಾಯಿಂದ ಇದನ್ನು ಮಕ್ಕಳಿಗೂ ಹೇಳಿರಲಿಲ್ಲ, ಮೊಮ್ಮಕ್ಕಳಿಗೂ ಹೇಳಿರಲಿಲ್ಲ. ಅತ್ತೆಯ ಮೇಲೆ ದೂರಿದ್ದನ್ನಂತೂ ನಾವು ಯಾರೂ ಕೇಳಿಲ್ಲ.

ಒಂದು ರಾತ್ರಿ ಮಾತ್ರ, ಟೊಂಗೆ ಮುರಿಯುವ ಜಾಗಕ್ಕೆ ಕತೆ ಬಂದಾಗ ನಾನು ತಡೆಯಲಾರದೆ ಕೇಳಿದ್ದೆ: ‘ಆಕಿ ಯಾಕ ಒದರಲಿಲ್ಲ ಆಯಿ?’

‘ಒದರಿದಳೋ ತಮ್ಮಾ. ಗಿಡಾ ಒದರಿದ್ದು ಯಾರಿಗೆ ಕೇಳತೈತಿ?’

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಜನಪದ ಕತೆ ಯಾರೊಬ್ಬರದೂ ಅಲ್ಲ, ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಹಾರಿ ಬಂದದ್ದು. ಅದರಲ್ಲಿ ಹೇಳುವವಳ ಜೀವನ ಹುಡುಕುವುದು ಹುಚ್ಚುತನ ಎನ್ನುವ ವಿದ್ವಾಂಸರಿದ್ದಾರೆ. ಕತೆಯ ಎಲುಬು ಬೇರೆ ಕಡೆಯಿಂದ ಬಂದಿರಬಹುದು, ಒಪ್ಪೋಣ. ಆಯಿ ಅದನ್ನು ರಾಮದುರ್ಗದಿಂದ ತಂದಳು. ಅವಳಿಗೆ ಅವಳ ತಾಯಿ ಇನ್ನೆಲ್ಲಿಂದಲೋ ತಂದು ಕೊಟ್ಟಿದ್ದಳು. ನಮ್ಮಲ್ಲಿ ಹೆಣ್ಣು ಕೊಟ್ಟು ತರುವ ದಾರಿಯಲ್ಲೇ ಕತೆಗಳೂ ಓಡಾಡಿದವು. ಸವದತ್ತಿಯ ಕತೆ ಕಿತ್ತೂರಿಗೆ, ಕಿತ್ತೂರಿನದು ಬೈಲಹೊಂಗಲಕ್ಕೆ. ಸೀರೆ, ತೊಟ್ಟಿಲುಗಳ ಜೊತೆಗೆ ತವರಿನಿಂದ ತಂದ, ಯಾರೂ ಲೆಕ್ಕ ಕೇಳದ ಒಡವೆ ಅದು. ಆದರೆ ಹೇಳುವವರು ಬದಲಾದರೆ ಅದೇ ಎಲುಬಿನ ಮೇಲೆ ಬೇರೆ ಮೈ ಬರುತ್ತದೆ. ರಾಮಾನುಜನ್ ಕೊಟ್ಟ ಇನ್ನೊಂದು ಕತೆಯಿಂದ ಇದು ಗೊತ್ತಾಗುತ್ತದೆ. ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ಅಕ್ಷರ ಬಾರದ, ಅರೆಗುರುಡಿಯಾದ ಮುದುಕಿಯೊಬ್ಬಳು ಹೇಳಿದ್ದು: ಹೆಣ್ಣೊಬ್ಬಳು ತನ್ನ ಮಗನನ್ನೇ ಮದುವೆಯಾಗಿ ಅವನಿಂದ ಮಗನನ್ನು ಪಡೆಯುವಳೆಂದು ಹಣೆಯಲ್ಲಿ ಬರೆದುಕೊಂಡು ಹುಟ್ಟುತ್ತಾಳೆ, ಎಷ್ಟು ತಪ್ಪಿಸಿಕೊಂಡರೂ ಹಾಗೆಯೇ ಆಗುತ್ತದೆ, ಗುರುತು ಸಿಕ್ಕ ದಿನ ಕೂಸನ್ನು ತೊಟ್ಟಿಲಲ್ಲಿ ತೂಗುತ್ತ, ಮಗನೇ, ಮೊಮ್ಮಗನೇ, ಮೈದುನನೇ ಎಂದು ಜೋಗುಳ ಹಾಡಿ ನೇಣು ಹಾಕಿಕೊಳ್ಳುತ್ತಾಳೆ. ಗ್ರೀಕರ ಈಡಿಪಸನ ಕತೆ ಇದೇ. ಅಲ್ಲಿ ನಡುಮನೆಯಲ್ಲಿ ನಿಂತವನು ಮಗ. ಅವನ ಪಾಪ, ಅವನ ಕಣ್ಣು, ಅವನ ರಾಜ್ಯ. ತಾಯಿ ಒಳಗೆ ಹೋಗಿ ಉರುಲು ಹಾಕಿಕೊಂಡ ಸುದ್ದಿ ಬರುತ್ತದೆ, ಅಷ್ಟೇ. ನಮ್ಮ ಅರೆಗುರುಡಿ ಮುದುಕಿ ತಾಯಿಯನ್ನು ನಡುಮನೆಗೆ ತಂದು ಕೂಡಿಸಿದಳು. ಶಾಪ ತಾಯಿಯದು, ಓಟ ತಾಯಿಯದು, ಕಡೆಯ ಹಾಡೂ ತಾಯಿಯದು. ಹೇಳಿದವಳ ಬಾಳುವೆ ಕತೆಯಲ್ಲಿ ಬಂದಿಲ್ಲವೆಂದರೆ ಈ ಬದಲು ಹೇಗಾಯಿತು?

ಇಷ್ಟು ಕತೆ ಕೇಳಿದ ರಾಮಾನುಜನ್ ತಾವೂ ಕನ್ನಡದಲ್ಲಿ ಒಂದು ಸಣ್ಣಕತೆ ಬರೆದರು: ‘ಅಣ್ಣಯ್ಯನ ಮಾನವಶಾಸ್ತ್ರ’. ಅದರಲ್ಲಿ ಗಿಡ ಮನುಷ್ಯನಾಗುವುದಿಲ್ಲ, ದೆವ್ವ ಬರುವುದಿಲ್ಲ. ಮೈಸೂರಿನ ಕಡೆಯ ಬ್ರಾಹ್ಮಣರ ಹುಡುಗ ಅಣ್ಣಯ್ಯ ಶಿಕಾಗೋಕ್ಕೆ ಹೋಗಿರುತ್ತಾನೆ. ಊರಿನಲ್ಲಿದ್ದಾಗ ಕಣ್ಣೆತ್ತಿ ನೋಡದ ತನ್ನ ಮನೆಯ ಆಚಾರ ವಿಚಾರಗಳನ್ನು ಅಲ್ಲಿ ಅಮೆರಿಕನ್ನರು ಬರೆದ ಪುಸ್ತಕಗಳಿಂದ ಕಲಿಯುತ್ತಾನೆ. ಒಂದು ದಿನ ಹಿಂದೂ ಪದ್ಧತಿಗಳ ಮೇಲೆ ಹೊಸದಾಗಿ ಬಂದ ಪುಸ್ತಕವನ್ನು ತಿರುವಿ ಹಾಕುತ್ತಾನೆ. ಹುಣಸೂರಿನಲ್ಲಿ ತೆಗೆದ ಫೋಟೋಗಳು. ಅಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡ ತನ್ನ ಬಂಧು ಸುಂದರರಾಯನ ನ‍ೆರವಿನಿಂದ ತೆಗೆದವು. ಶವಸಂಸ್ಕಾರದ ಚಿತ್ರದಲ್ಲಿ ಮಲಗಿದ ಮುಖ ಅವನ ಅಪ್ಪನದು. ಮುಂದಿನ ಪುಟಗಳಲ್ಲಿ ತಲೆ ಬೋಳಿಸಿದ ವಿಧವೆ ಅವನ ಅಮ್ಮ. ದೂರದಲ್ಲಿರುವ ಮಗನಿಗೆ ಮನೆಯವರು ಮುಚ್ಚಿಟ್ಟಿದ್ದ ಸಾವನ್ನು ಪುಸ್ತಕ ಅವನಿಗೆ ತಿಳಿಸುತ್ತದೆ.

ನಡೆಯಬಾರದ್ದೇನೂ ಇದರಲ್ಲಿ ಇಲ್ಲ. ಆದರೂ ಓದುವಾಗ ಕಾಲ ಕೆಳಗಿನ ನೆಲ ಸರಿದಂತಾಗುತ್ತದೆ. ಗಿಡದ ಕತೆಯಲ್ಲಿ ಆಗುವಂತೆಯೇ. ಇದನ್ನು ಬರೆದವರು ಯಾರು? ಮಹಡಿಯ ಕೋಣೆಯಲ್ಲಿ ಅಪ್ಪನ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ಅಮ್ಮನ ತಮಿಳು, ಬೀದಿಯಲ್ಲಿ ಕನ್ನಡ, ಹೀಗೆ ಮೂರು ನುಡಿಗಳ ಮೆಟ್ಟಿಲು ಹತ್ತಿ ಇಳಿದು ಬೆಳೆದವರು. ಅವರ ತಂದೆ ಕೃಷ್ಣಸ್ವಾಮಿಗಳು ಮೈಸೂರು ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕರು. ಖಗೋಳಶಾಸ್ತ್ರವನ್ನೂ ಜ್ಯೋತಿಷ್ಯವನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡವರು. ಆ ಎರಡೂ ಹೇಗೆ ಕೂಡಿರುತ್ತವೆ ಎಂಬ ಪ್ರಶ್ನೆ ಮಗನನ್ನು ಕೊನೆಯವರೆಗೂ ಬಿಡಲಿಲ್ಲ. 1959ರಲ್ಲಿ ಅಮೆರಿಕಕ್ಕೆ ಹೋದರು, 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಭಾಷಾಶಾಸ್ತ್ರದ ಡಾಕ್ಟರೇಟ್ ಪಡೆದರು, ಬಾಕಿ ಆಯುಷ್ಯವನ್ನು ಶಿಕಾಗೋದಲ್ಲಿ ಅಮೆರಿಕನ್ನರಿಗೆ ಭಾರತವನ್ನು ತಿಳಿಸಿ ಹೇಳುವುದರಲ್ಲಿ ಕಳೆದರು. ತಮ್ಮ ಉದ್ಯೋಗವನ್ನೇ ಅವರು ಅಣ್ಣಯ್ಯನಿಗೆ ಉಲ್ಟಾ ತೊಡಿಸಿದ್ದಾರೆ.

ಅಣ್ಣಯ್ಯನೇ ರಾಮಾನುಜನ್, ಆ ಸಾವು ಅವರ ಮನೆಯಲ್ಲಿ ಹಾಗೆಯೇ ನಡೆದದ್ದು ಎಂದು ಹೊಂದಿಸಿ ಓದುವುದು ನನಗೆ ಸರಿತೋರುವುದಿಲ್ಲ. ಜೀವನ ಕತೆಗೆ ಘಟನೆಗಳನ್ನು ಸಾಲ ಕೊಡುವುದು ಕಡಿಮೆ, ಆಕಾರವನ್ನು ಕೊಡುತ್ತದೆ. ಅವರ ಇಂಗ್ಲಿಷ್ ಕವಿತೆ ‘ಆಬಿಚುವರಿ’, 1971ರ ಸಂಗ್ರಹದಲ್ಲಿ ಬಂದದ್ದು, ಇದಕ್ಕೆ ಸಾಕ್ಷಿ. ಅದರಲ್ಲಿ ಮಗನೊಬ್ಬ ಉಪ್ಪು, ಕೊತ್ತಂಬರಿ, ಬೆಲ್ಲ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಪೊಟ್ಟಣಗಳನ್ನು ಬಿಚ್ಚಿ ಬಿಚ್ಚಿ ಓದುತ್ತಾನೆ. ಅಪ್ಪ ಸತ್ತಾಗ ಮದ್ರಾಸಿನ ಪತ್ರಿಕೆಯಲ್ಲಿ ಬಂದಿತ್ತೆನ್ನುವ ಎರಡು ಸಾಲು ಎಲ್ಲಾದರೂ ಸಿಕ್ಕೀತೆಂದು. ಕವಿತೆಯಲ್ಲಿ ಮಗ ಅಪ್ಪನ ಸಾವನ್ನು ಅಚ್ಚಾದ ಕಾಗದದಲ್ಲಿ ಹುಡುಕುತ್ತಾನೆ, ಸಿಗುವುದಿಲ್ಲ. ಕತೆಯಲ್ಲಿ ಹುಡುಕುವುದಿಲ್ಲ, ಸಿಗುತ್ತದೆ. ಮನೆಯಿಂದ ದೂರ ಇದ್ದು ಮನೆಯನ್ನೇ ಓದುವ ಕಸುಬಿನವನಿಗೆ ಬೇರೆ ಯಾವ ಕನಸು ಬೀಳಬೇಕು?

ನನ್ನನ್ನು ಕಾಡುವುದು ಆ ಎರಡನೆಯ ಚಿತ್ರ. ಪುಸ್ತಕಕ್ಕೆ ಆಕೆ ಒಂದು ಪದ್ಧತಿಯ ಮಾದರಿ, ಯಾರಾದರೂ ಸರಿ. ಅಲ್ಲಿಯೂ ಹೆಸರಿಲ್ಲ. ಅಡುಗೆಮನೆಯ ಕತೆಯಲ್ಲಿ ಹೆಸರಿಲ್ಲದಿರುವುದು ಹೇಳುವವಳಿಗೆ ಸೆರಗಿನ ಮರೆ. ಆ ಮರೆಯಲ್ಲಿ ನಿಂತು ಅವಳು ತನ್ನ ಅತ್ತೆ ಪಕ್ಕದಲ್ಲೇ ಮಲಗಿದ್ದರೂ ಅತ್ತೆಯ ಕತೆ ಹೇಳಬಲ್ಲಳು. ಮಾನವಶಾಸ್ತ್ರದ ಪುಸ್ತಕದಲ್ಲಿ ಹೆಸರಿಲ್ಲದಿರುವುದು ಆ ಸೆರಗನ್ನೇ ಎಳೆದಂತೆ. ಅಜ್ಜಿಯರ ಕತೆಗಳನ್ನು ಪುಸ್ತಕಕ್ಕೆ ಏರಿಸಿದ ಮನುಷ್ಯನೇ ಅಮ್ಮನೊಬ್ಬಳು ಪುಸ್ತಕಕ್ಕೆ ಏರಿದ ಈ ಕತೆಯನ್ನೂ ಬರೆದದ್ದು. ಅವರಿಗೆ ಎರಡೂ ಗೊತ್ತಿತ್ತು.

ಅವರ ಕತೆಗಳು ಆಮೇಲೆ ದೂರ ಹೋದವು. ಗಂಡನಿಗೆ ಹೇಳದೆ ಕತೆ, ಹಾಡುಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವಳ ಕತೆಯನ್ನು ಗಿರೀಶ ಕಾರ್ನಾಡರು ರಾಮಾನುಜನ್ನರಿಂದ ಕೇಳಿ ‘ನಾಗಮಂಡಲ’ದಲ್ಲಿ (1988) ಬಳಸಿಕೊಂಡರು. ಅಲ್ಲಿಯ ನಾಯಕಿಗೆ ರಾಣಿ ಎಂದು, ಗಂಡನಿಗೆ ಅಪ್ಪಣ್ಣ ಎಂದು ಹೆಸರು ಬಂತು. ಅಪ್ಪಣ್ಣ ಎಂದರೆ ಯಾರಾದರೂ ಒಬ್ಬ ಗಂಡಸು ಎಂದಷ್ಟೇ ಅರ್ಥ, ಅದು ಬೇರೆ ಮಾತು. ಗಿಡವಾಗುವ ಹುಡುಗಿಯನ್ನು ಕಾರ್ನಾಡರೇ 1992ರಲ್ಲಿ ಹಿಂದಿಯಲ್ಲಿ ಚಿತ್ರ ಮಾಡಿದರು, ಅವಳು ಚೆಲುವಿಯಾದಳು. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್, ಮೊಜಾರ್ಟನ ಇನ್ನೂರೈವತ್ತನೆಯ ವರ್ಷವೆಂದು ವಿಯೆನ್ನಾದಲ್ಲಿ ಅದನ್ನು ಆಪೆರಾ ಮಾಡಿ ಆಡಿಸಿದಾಗ ಅವಳಿಗೆ ಕುಮುದಾ ಎಂದು ಹೆಸರಿಟ್ಟರು. ಹೊರಗೆ ಬಂದ ಕತೆ ಮೊದಲು ಹೆಸರಿಟ್ಟುಕೊಳ್ಳುತ್ತದೆಂದು ರಾಮಾನುಜನ್ ಹೇಳಿದ್ದು ವಿಯೆನ್ನಾದಲ್ಲಿಯೂ ನಿಜವಾಯಿತು.

ನಮ್ಮ ಮನೆಯಲ್ಲಿ ಈಗ ಆ ಕತೆ ಹೇಳುವವಳು ನನ್ನ ತಂಗಿ. ಸವದತ್ತಿಯ ಕಡೆ ಕೊಟ್ಟಿದ್ದೇವೆ. ಮೊಮ್ಮಗಳು ರಜೆಗೆ ಬಂದಾಗ ಹೇಳುತ್ತಾಳೆ. ಹುಡುಗಿಗೆ ಇನ್ನೂ ಹೆಸರಿಲ್ಲ. ಎರಡು ಕೊಡಗಳು ಹಾಗೆಯೇ ಇವೆ. ಹತ್ತಿಯ ಗಾಡಿ ಮಾತ್ರ ಟ್ರ್ಯಾಕ್ಟರ್ ಆಗಿದೆ, ಅದು ಈಗಲೂ ಬೈಲಹೊಂಗಲದ ಪೇಟೆಗೇ ಹೊರಟಿದೆ.